ಕೃಷಿ ಹೊಂಡದಲ್ಲಿ ನನ್ನ ತಪಸ್ಸು

ನೆಮ್ಮದಿ ಎಂಬುದು ಈ ಜನ್ಮಕ್ಕೆ ನನ್ನ ಹಣೆಯಲ್ಲಿ ಬರೆದಿಲ್ಲ. ಇದನ್ನು ಹೇಳಿಕೊಳ್ಳಲು ನನಗೀಗ ಸಂಕೋಚವೂ ಇಲ್ಲ. ಬೆಳಿಗ್ಗೆ ಎದ್ದರೆ ಪೇಪರಿನವನ ಮೇಲೆ ಸಿಟ್ಟು, ಕಚೇರಿಗೆ ಹೋದರೆ ಕಂಪ್ಯೂಟರಿನ ಮೇಲೆ, ಸಂಜೆ ಮನೆಗೆ ಬಂದರೆ ಉಪ್ಪಿಟ್ಟಿನ ಮೇಲೆ. ಚಾಮರಾಜನಗರದ ನಮ್ಮ ಡಾಕ್ಟರು ಬಿ.ಪಿ. ನೋಡಿ, ‘ಮನಸ್ಸು ಶಾಂತವಾಗಿಟ್ಟುಕೊಳ್ಳಿ, ಇಲ್ಲದಿದ್ದರೆ ಕಷ್ಟ’ ಎಂದರು. ಶಾಂತಿಯನ್ನು ಎಲ್ಲಿಂದ ತರಲಿ? ಮೆಡಿಕಲ್ ಸ್ಟೋರಿನಲ್ಲಿ ಸಿಗುವಂತಿದ್ದರೆ ಅವರೇ ಚೀಟಿ ಬರೆದುಕೊಡುತ್ತಿದ್ದರಲ್ಲ!

ಆಗ ಮೊಬೈಲಿನಲ್ಲಿ ಕಂಡದ್ದು ಜಲಧ್ಯಾನ. ಗಡ್ಡದವನೊಬ್ಬ ಸಮುದ್ರದಡಿ ಉಸಿರು ಬಿಗಿಹಿಡಿದು ಕೂತಿದ್ದ. ಹಾಗೆ ಕೂತರೆ ನಾವೇ ಪ್ರಕೃತಿಯಾಗುತ್ತೇವಂತೆ. ನಮ್ಮೂರಿಗೆ ಸಮುದ್ರವಿಲ್ಲ, ನಲ್ಲಿ ನೀರೇ ನಾಲ್ಕೈದು ದಿನಕ್ಕೊಮ್ಮೆ. ಹಿತ್ತಲಿನ ನೀಲಿ ಡ್ರಮ್ಮಿಗೆ ತಲೆ ಮುಳುಗಿಸಿದೆ. ಹನ್ನೊಂದು ಎಣಿಸುವಷ್ಟರಲ್ಲಿ ಪ್ರಾಣ ಹೋದಂತಾಗಿ ಮೇಲೆದ್ದರೆ ಎದುರಿಗೆ ಹೆಂಡತಿ ನಾಗರತ್ನ. ‘ಇನ್ನು ಮೂರು ದಿನ ನೀರು ಬರಲ್ಲ ಕಣ್ರೀ! ತಲೆ ಎಣ್ಣೆನೆಲ್ಲ ಡ್ರಮ್ಮಿಗೆ ಬುಟ್ರಲ್ಲಾ, ಇದ್ರಲ್ಲೇ ಅನ್ನ ಮಾಡ್ಲಾ?’ ಎಂದಳು. ಪ್ರಕೃತಿ ಸಿಗಲಿಲ್ಲ, ಸಿಕ್ಕಿದ್ದು ನನ್ನದೇ ಕೊಬ್ಬರಿ ಎಣ್ಣೆಯ ವಾಸನೆ.

ಕೊನೆಗೊಂದು ಭಾನುವಾರ ಇಬ್ಬರೂ ಗುಂಡ್ಲುಪೇಟೆ ಹತ್ತಿರದ ಅವಳ ತಮ್ಮ ಶಿವಣ್ಣನ ಜಮೀನಿಗೆ ಹೋದೆವು. ಅಲ್ಲೊಂದು ಕೃಷಿ ಹೊಂಡವಿದೆ. ಬೇಸಿಗೆಯಾದ್ದರಿಂದ ಎದೆಮಟ್ಟದ ನೀರು. ಅಂಗಿ ಮಡಿಸಿ, ಅದರ ಮೇಲೆ ಕನ್ನಡಕ, ಪಕ್ಕದಲ್ಲಿ ಚಪ್ಪಲಿ ಜೋಡಿಸಿಟ್ಟು ಇಳಿದೆ. ಮೂಗು ಹಿಡಿದು ಮುಳುಗಿ ಕೂತೆ. ಹದಿನೈದಕ್ಕೆ ಹೊರಗಿನ ಸದ್ದೆಲ್ಲ ಅಡಗಿತು. ಇಪ್ಪತ್ತಕ್ಕೆ ಶಿವಣ್ಣ ಬಿಟ್ಟಿದ್ದ ಮೀನೊಂದು ಮೊಣಕಾಲನ್ನು ಮುಟ್ಟಿ ಹೋಯಿತು. ನಿಜ ಹೇಳುತ್ತೇನೆ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅಳು ಬರುವಂತಾಯಿತು.

ಅಷ್ಟರಲ್ಲಿ ಯಾರೋ ಕೂದಲು ಹಿಡಿದು ಮೇಲಕ್ಕೆಳೆದರು. ನೋಡಿದರೆ ಬಾಳೆ ತೋಟದ ಆಳು ಮಾದಪ್ಪ. ದಡದ ಮೇಲೆ ಜೋಡಿಸಿಟ್ಟ ಚಪ್ಪಲಿ, ಕನ್ನಡಕ ಕಂಡವನು ಬೇರೇನು ತಿಳಿದಾನು? ‘ಯಾಕ್ ಸ್ವಾಮಿ ಇಂಗ್ ಮಾಡ್ಕಳಕ್ ಓದ್ರಿ? ಅಂತಾದ್ದು ಏನ್ ಬಂದಿತ್ತು ನಿಮ್ಗೆ?’ ಎಂದು ನನ್ನನ್ನು ತಬ್ಬಿಕೊಂಡು ಅವನೇ ಅತ್ತುಬಿಟ್ಟ. ನಾನೋ, ಕೆಮ್ಮುತ್ತಲೇ ಅವನಿಗೆ ಬಾಯಿಗೆ ಬಂದಂತೆ ಬೈದೆ. ಜೀವ ಉಳಿಸಲು ಬಟ್ಟೆ ಸಮೇತ ನೀರಿಗೆ ಹಾರಿದವನಿಗೆ!

ಗಲಾಟೆ ಕೇಳಿ ಅಕ್ಕ ತಮ್ಮ ಓಡಿಬಂದರು. ‘ಸಾಕು ಬುಡಿ ಭಾವ, ನಡೀರಿ ಮನೆಗ್ ಓಗನ’ ಎಂದ ಶಿವಣ್ಣ. ನಾಗರತ್ನ ಸೆರಗಿನಿಂದ ನನ್ನ ತಲೆ ಒರೆಸಿದಳು. ಆಮೇಲೆ ಕೇಳಿದಳು, ‘ನೆಮ್ಮದಿ ಸಿಕ್ತಾ?’

‘ಸಿಕ್ಕಿತ್ತು, ಇಪ್ಪತ್ತೆರಡು ಎಣಿಸೋವಷ್ಟು ಹೊತ್ತು’ ಎಂದೆ.

‘ನಮ್ಗೂ ಅಷ್ಟೊತ್ತು ಸಿಕ್ಕಿತ್ತು ಕಣ್ರೀ’ ಎಂದಳು.

ಅಣಕಿಸಿದ್ದರೆ ನಾನು ಸಿಡುಕಬಹುದಿತ್ತು. ಅವಳ ದನಿಯಲ್ಲಿ ಅಣಕವಿರಲಿಲ್ಲ. ಈಗ ಪ್ರತಿ ಭಾನುವಾರ ಬೆಳಿಗ್ಗೆ, ಒಗೆದ ಟವಲು ಕೈಯಲ್ಲಿ ಹಿಡಿದು, ಹೊಂಡಕ್ಕೆ ಹೊರಡಲು ಅವಳೇ ನನ್ನನ್ನು ಎಬ್ಬಿಸುತ್ತಾಳೆ.