ನನ್ನ ನೀರುಪಾಲು

ಈಗ ವ್ಯಾಪಾರ ಕೈಬಿಟ್ಟಾಗಿದೆ, ಹೇಳಿಬಿಡುವುದರಲ್ಲಿ ತಪ್ಪಿಲ್ಲ. ನಾನು ಹದಿಮೂರು ವರ್ಷ ಐರ್ಲೆಂಡಿನ ಜನಕ್ಕೆ ನೀರು ಮಾರಿದ್ದೇನೆ. ಅವರು ಅದನ್ನು ದೋಸೆಹಿಟ್ಟು ಎನ್ನುತ್ತಿದ್ದರು. ಅಕ್ಕಿ ಇತ್ತು, ಉದ್ದಿನಬೇಳೆ ಇತ್ತು, ಚಿಟಿಕೆ ಮೆಂತ್ಯವೂ ಇತ್ತು. ಆದರೆ ಡಬ್ಬಿ ಎತ್ತಿದಾಗ ಕೈಗೆ ಭಾರ ಎನಿಸುತ್ತಿದ್ದುದರಲ್ಲಿ ದೊಡ್ಡ ಪಾಲು ನೀರಿನದೇ. ಅಕ್ಕಿಯ ಬೆಲೆ ಏರಿದಾಗ ನಾನು ಊಟ ಬಿಟ್ಟಿದ್ದೇನೆ, ಉದ್ದಿನ ಬೆಲೆ ಏರಿದಾಗ ಅಂಗಡಿಯವರೊಂದಿಗೆ ಜಗಳವಾಡಿದ್ದೇನೆ. ನೀರಿನ ಬಗ್ಗೆ ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ. ಯೋಚಿಸಲು ಪುರಸೊತ್ತು ಸಿಕ್ಕಿದ್ದು ವ್ಯಾಪಾರ ಮಾರಿದ ಮೇಲೆ. ಪುರಸೊತ್ತು ಸಿಗದಿದ್ದರೇ ಚೆನ್ನಾಗಿತ್ತು ಎಂದು ನನ್ನ ಗಂಡ ಶ್ರೀಧರ್ ಇವತ್ತಿಗೂ ಹೇಳುತ್ತಾರೆ.

ವ್ಯಾಪಾರ ಶುರುವಾಗಿದ್ದು ಡಬ್ಲಿನ್ ಹೊರವಲಯದ ಆಡಮ್ಸ್‌ಟೌನಿನ ನಮ್ಮ ಮನೆಯ ಅಡುಗೆಮನೆಯಲ್ಲಿ. ಈ ಚಳಿಯಲ್ಲಿ ಹಿಟ್ಟು ಉಬ್ಬುವುದಿಲ್ಲ ಎಂದು ಕನ್ನಡದ ಹೆಂಗಸರೆಲ್ಲ ಗೋಳಾಡುತ್ತಿದ್ದ ಕಾಲ. ಬಿಸಿನೀರಿನ ಟ್ಯಾಂಕ್ ಇರುವ ಕಪಾಟಿಗೆ ಇಲ್ಲಿನವರು ಹಾಟ್ ಪ್ರೆಸ್ ಎನ್ನುತ್ತಾರೆ; ಬಟ್ಟೆ ಬೆಚ್ಚಗಿಡಲು ಅದನ್ನು ಬಳಸುತ್ತಾರೆ. ನಾನು ಅಲ್ಲಿ ಹಿಟ್ಟಿನ ಪಾತ್ರೆ ಇಟ್ಟೆ. ಹಿಟ್ಟು ಉಬ್ಬಿತು, ಎಷ್ಟೆಂದರೆ ಪಾತ್ರೆ ದಾಟಿ ಶ್ರೀಧರ್ ಅವರ ಆಫೀಸ್ ಅಂಗಿಗಳ ಮೇಲೂ ಉಬ್ಬಿತು. ಲೀಕ್ಸ್‌ಲಿಪ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಧೂಳಿನ ಒಂದು ಕಣ ಕಂಡರೂ ಹೌಹಾರುವ ಆ ಮನುಷ್ಯ ಒಂದು ವಾರ ಹುಳಿವಾಸನೆ ಹೊತ್ತು ಓಡಾಡಿದರು. ಮೊದಲ ಗಿರಾಕಿಗಳು ಇಲ್ಲಿನ ಆಸ್ಪತ್ರೆಗಳಲ್ಲಿದ್ದ ನಮ್ಮ ಕಡೆಯ ಡಾಕ್ಟರುಗಳು. ಆಮೇಲೆ ಒಂದು ಶೆಡ್ ಬಂತು, ಎರಡು ವ್ಯಾನ್ ಬಂದವು, ಹನ್ನೊಂದು ಜನ ಹೆಂಗಸರು ಕೆಲಸಕ್ಕೆ ಬಂದರು. ಕೊನೆಗೆ ಒಂದು ದೊಡ್ಡ ಆಹಾರ ಕಂಪನಿಯವರು ಬಂದು ಶೆಡ್ಡು, ವ್ಯಾನು, ಹೆಸರು, ನನ್ನ ಅಳತೆಯ ಲೋಟ ಎಲ್ಲವನ್ನೂ ಒಟ್ಟಿಗೆ ಕೊಂಡರು. ಹೆಂಗಸರ ಕೆಲಸ ಉಳಿಯಬೇಕೆಂಬ ಷರತ್ತು ಹಾಕಿಸಿ ನಾನು ಸಹಿ ಮಾಡಿದೆ. ಎಲ್ಲರ ಕೆಲಸವೂ ಉಳಿಯಿತು, ನನ್ನದೊಂದನ್ನು ಬಿಟ್ಟು.

ಮರುದಿನ ಬೆಳಿಗ್ಗೆ ಐದಕ್ಕೇ ಎಚ್ಚರವಾಯಿತು. ಅಭ್ಯಾಸಬಲ. ಎದ್ದವಳು ಮಸಾಲೆ ಡಬ್ಬಿಗಳನ್ನೆಲ್ಲ ತೊಳೆದೆ. ಎರಡನೆಯ ದಿನ ಮಗಳು ಅನಘಾಳ ಕಪಾಟನ್ನು ಅವಳನ್ನು ಕೇಳದೆ ಜೋಡಿಸಿದೆ. ಮೂರನೆಯ ದಿನ ಶ್ರೀಧರ್ ಟೀ ಮಾಡುವಾಗ ಪಕ್ಕದಲ್ಲಿ ನಿಂತು, ಎರಡೇ ಲೋಟಕ್ಕೆ ಇಷ್ಟೊಂದು ಗ್ಯಾಸ್ ಯಾಕೆ ಎಂದು ವಿಚಾರಣೆ ನಡೆಸಿದೆ. ಅವರು ಟೀ ಲೋಟವನ್ನು ಮೆಲ್ಲಗೆ ಕೆಳಗಿಟ್ಟು, "ನೋಡು ವಸುಧಾ, ನೀನು ಏನಾದ್ರೂ ಮಾಡು. ನಮ್ಮಿಬ್ಬರ ಮೇಲೆ ಮಾತ್ರ ಮಾಡ್ಬೇಡ," ಎಂದರು.

ಮಾಡಲಿಕ್ಕೇನೋ ಇತ್ತು. ಬ್ಯಾಂಕಿನಲ್ಲಿ ದುಡ್ಡು ಕೂತಿತ್ತು. ನನ್ನಂತೆಯೇ ಕೆಲಸವಿಲ್ಲದೆ ಕೂತಿತ್ತು. ಶ್ರೀಧರ್ ಮೈಸೂರಿನಲ್ಲಿ ಸೈಟು ಎಂದರು. ಅನಘಾ ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಡಬ್ಲಿನ್ನಿನ ಇಂಗ್ಲಿಷಿನಲ್ಲಿ. "ಜಸ್ಟ್ ಗೆಟ್ ಅ ಫಂಡ್, ಅಮ್ಮಾ. ಯೂ'ಲ್ ಬಿ ಗ್ರ್ಯಾಂಡ್," ಎಂದಳು. ಇಲ್ಲಿನವರಿಗೆ ಕಾಲು ಮುರಿದರೂ ಗ್ರ್ಯಾಂಡ್, ಮನೆ ಸೋರಿದರೂ ಗ್ರ್ಯಾಂಡ್. ಆ ಪದದ ಮೇಲೆ ನಂಬಿಕೆ ಇಟ್ಟು ದುಡ್ಡು ಹಾಕುವಷ್ಟು ಧೈರ್ಯ ನನಗಿರಲಿಲ್ಲ.

ಅವತ್ತು ಪಾತ್ರೆ ತೊಳೆಯುತ್ತಿದ್ದಾಗ ಹೊಳೆಯಿತು. ಜನ ದೋಸೆ ಬಿಡಬಹುದು, ಫೋನ್ ಬದಲಾಯಿಸಬಹುದು, ನೀರು ಕುಡಿಯುವುದನ್ನು ಬಿಡುತ್ತಾರೆಯೇ? ಸ್ಯಾಂಡಿಫರ್ಡ್‌ನಲ್ಲಿ ಷೇರು ವ್ಯವಹಾರದ ಒಂದು ಕಚೇರಿಯಿದೆ. ಲುವಾಸ್ ಟ್ರಾಮ್ ಹತ್ತಿ ಅಲ್ಲಿಗೆ ಹೋದೆ. ಕಿಯಾರನ್ ಎಂಬ ಮೃದು ಮಾತಿನ ಐರಿಷ್ ಹುಡುಗ ಸಿಕ್ಕಿದ. "ಐರ್ಲೆಂಡಿನ ನೀರಿನ ಷೇರು ಕೊಡಿ," ಎಂದೆ. ಅವನು ತಲೆ ಕೆರೆದುಕೊಂಡ. ಈ ದೇಶದಲ್ಲಿ ನೀರು ಸರ್ಕಾರದ್ದು, ಮಾರಾಟಕ್ಕಿಲ್ಲ, ಮನೆಗಳಿಗೆ ನೀರಿನ ಬಿಲ್ ಕಳಿಸಲು ಹೋದಾಗ ಜನ ಬೀದಿಗಿಳಿದಿದ್ದರು ಎಂದು ವಿವರಿಸಿದ. ಅಷ್ಟು ವರ್ಷ ಇಲ್ಲೇ ಇದ್ದವಳಿಗೆ ಅದು ತಿಳಿಯದೆ ಇರಲಿಲ್ಲ, ಆದರೆ ಷೇರಿನ ಹುಮ್ಮಸ್ಸಿನಲ್ಲಿ ಮರೆತಿದ್ದೆ. ಸಮುದ್ರದ ಆಚೆ, ಇಂಗ್ಲೆಂಡಿನಲ್ಲಿ, ನೀರಿನ ಕಂಪನಿಗಳ ಷೇರು ಸಿಗುತ್ತದೆ ಎಂದ. "ಎಲ್ಲಾ ದುಡ್ಡನ್ನೂ ಒಂದರಲ್ಲೇ ಹಾಕಬೇಡಿ," ಎಂದೂ ಹೇಳಿದ. ಹಾಗಾಗಿ ಅಂಥ ಒಂದು ಕಂಪನಿಯಲ್ಲಿ ಕಾಲು ಭಾಗ ಮಾತ್ರ ಹಾಕಿದೆ. ಸಂಜೆ ಸುದ್ದಿ ಕೇಳಿದ ಶ್ರೀಧರ್, "ಅಂತೂ ದುಡ್ಡು ನೀರುಪಾಲಾಯ್ತು," ಎಂದರು. ಪಾಲು ಎಂದರೆ ಷೇರು, ಆದ್ದರಿಂದ ಅವರ ಕನ್ನಡ ಸರಿಯಾಗಿಯೇ ಇದೆ ಎಂದು ನಾನು ಮೆಚ್ಚಿಕೊಂಡೆ.

ಷೇರು ಕೊಂಡವರು ಸುಮ್ಮನಿರಬೇಕು. ಲಾಭಾಂಶ ಬಂದಾಗ ತೆಗೆದುಕೊಳ್ಳಬೇಕು. ನನಗೆ ಆ ಜಾಣತನ ಬರಲಿಲ್ಲ. ನಾನು ಕಂಪನಿಯ ಒಡತಿಯಾಗಿಬಿಟ್ಟೆ. ಇಂಗ್ಲೆಂಡಿನಲ್ಲಿ ಆ ಕಂಪನಿ ನೀರು ಕೊಡುವ ಭಾಗದ ಹವಾಮಾನವನ್ನು ದಿನಾ ನೋಡುತ್ತಿದ್ದೆ. ಅಲ್ಲಿ ಮಳೆ ಬಂದರೆ ಇಲ್ಲಿ ನನಗೆ ಸಮಾಧಾನ. ಕಂಪನಿಯ ವಾರ್ಷಿಕ ಸಭೆಗೆ ಷೇರುದಾರರು ಬರಬಹುದು ಎಂದು ತಿಳಿದದ್ದೇ ತಡ, ಕಿಯಾರನ್‌ನಿಂದ ಬೇಕಾದ ಪತ್ರ ಬರೆಸಿಕೊಂಡೆ, ಶ್ರೀಧರ್ ಅವರಿಗೆ ಎರಡು ದಿನ ರಜೆ ಹಾಕಿಸಿದೆ. ಹಡಗು ಹತ್ತಿ, ರೈಲು ಹತ್ತಿ ಸಭೆ ನಡೆಯುವ ಊರು ಸೇರಿದೆವು. ಹೋಟೆಲಿನಲ್ಲಿ ಶ್ರೀಧರ್ ಗಡ್ಡ ಹೆರೆಯುತ್ತಾ ನಲ್ಲಿ ನಿಲ್ಲಿಸಿದರು.

"ಬಿಡ್ರೀ, ಹರೀಲಿ. ನಮ್ಮದೇ ಕಂಪನಿ ನೀರು. ಎಷ್ಟು ಹರಿದ್ರೆ ಅಷ್ಟು ಲಾಭ," ಎಂದೆ.

"ನಮ್ಮದು ಅಂತಾನೇ ನಿಲ್ಲಿಸಿದ್ದು ಕಣೇ," ಎಂದರು. ಒಂದೇ ನಲ್ಲಿಯ ಬಗ್ಗೆ ಗಂಡಹೆಂಡಿರಿಗೆ ಎರಡು ಅರ್ಥಶಾಸ್ತ್ರ.

ಸಭೆಗೆ ನಾನು ಹಸಿರು ಮೈಸೂರು ರೇಷ್ಮೆ ಸೀರೆ ಉಟ್ಟಿದ್ದೆ. ಒಡತಿ ಬಂದಾಗ ಬಾಗಿಲಲ್ಲಿ ಯಾರಾದರೂ ಎದುರುಗೊಳ್ಳುತ್ತಾರೆ ಎಂಬ ಆಸೆ ಒಳಗೊಳಗೇ ಇತ್ತು. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಮಾಡಿ, ಕೊರಳಿಗೆ ಒಂದು ಚೀಟಿ ನೇತುಹಾಕಿದರು. ಟೀ, ಬಿಸ್ಕತ್ತು ಇತ್ತು. ಬಿಸ್ಕತ್ತು ಲೆಕ್ಕಕ್ಕೆ ಎರಡೇ. ನನ್ನ ಪಕ್ಕದ ಕುರ್ಚಿಯಲ್ಲಿ ಎಂಬತ್ತು ದಾಟಿದ ಇಂಗ್ಲಿಷ್ ಅಜ್ಜಿಯೊಬ್ಬರು ಕೂತಿದ್ದರು. ಹೆಸರು ಡೊರೊತಿ. ಗಂಡ ಬಿಟ್ಟುಹೋದ ಹತ್ತು ಷೇರು ಅವರ ಹೆಸರಿನಲ್ಲಿತ್ತಂತೆ. ತೊಡೆಯ ಮೇಲೆ ಖಾಲಿ ಪ್ಲಾಸ್ಟಿಕ್ ಬಕೆಟ್. ತಪಾಸಣೆಯವರು ಇದೇನೆಂದು ಕೇಳಿದ್ದಕ್ಕೆ, "ನನ್ನ ಕೈಚೀಲ," ಎಂದು ಒಳಗೆ ಬಂದಿದ್ದರು. ನನಗೆ ಆ ಕ್ಷಣವೇ ಅವರು ಇಷ್ಟವಾದರು.

ಪ್ರಶ್ನೆಗಳ ಸಮಯ ಬಂದಾಗ ಡೊರೊತಿ ಎದ್ದು ನಿಂತರು. ವರ್ಷದಲ್ಲಿ ಮೂರು ಸಲ ತಮ್ಮ ಬೀದಿಯ ಪೈಪ್ ಒಡೆದಿದೆ, ಪ್ರತಿ ಸಲವೂ ಮೂರು ನಾಲ್ಕು ದಿನ ನೀರಿಲ್ಲ, ಬೀದಿ ಕೊನೆಗೆ ನಿಲ್ಲುವ ಟ್ಯಾಂಕರಿನಿಂದ ಈ ಬಕೆಟ್ಟಿನಲ್ಲಿ ಹೊತ್ತು ತಂದಿದ್ದೇನೆ, ಪೈಪ್ ಯಾವಾಗ ಬದಲಾಯಿಸುತ್ತೀರಿ ಎಂದು ಕೇಳಿದರು. ವೇದಿಕೆಯ ಮೇಲಿದ್ದ ಅಧ್ಯಕ್ಷರು ಬಹಳ ಚೆನ್ನಾಗಿ ಮಾತಾಡಿದರು. ಐದು ನಿಮಿಷ ಮಾತಾಡಿದರು. ಯಾವಾಗ ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದರು. ಡೊರೊತಿ ಬಕೆಟ್ ಹಿಡಿದು ನಿಂತೇ ಇದ್ದರು.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಶ್ರೀರಾಮಪುರದಲ್ಲಿ. ದಿನ ಬಿಟ್ಟು ದಿನ ನಲ್ಲಿ ಬರುತ್ತಿತ್ತು. ಬಿಂದಿಗೆಗಳ ಸಾಲಿನಲ್ಲಿ ನಮ್ಮದನ್ನು ಯಾರೋ ಹಿಂದೆ ತಳ್ಳಿದರೆಂದು ನನ್ನ ಅಮ್ಮ ಪಕ್ಕದ ಮನೆಯವರೊಂದಿಗೆ ಎರಡು ವರ್ಷ ಮಾತು ಬಿಟ್ಟಿದ್ದಳು. ಒಂದು ಕೊಡ ಸೊಂಟದಲ್ಲಿ, ಒಂದು ಕೈಯಲ್ಲಿ ಹಿಡಿದು ಮೂರನೆಯ ಮಹಡಿ ಹತ್ತುತ್ತಿದ್ದ ಅವಳ ಉಸಿರಿನ ಸದ್ದು ನನಗೆ ಈಗಲೂ ಕೇಳುತ್ತದೆ. ಇಷ್ಟು ಹೊತ್ತೂ ನಾನು ಒಡತಿಯ ಸಾಲಿನಲ್ಲಿ ಕೂತಿದ್ದೆ. ಈಗ ಬಿಂದಿಗೆಯ ಸಾಲು ಕಂಡಿತು. ಲಾಭಾಂಶ ಹೆಚ್ಚಿಸುವ ಬಗ್ಗೆ ಕೇಳಬೇಕೆಂದು ಪ್ರಶ್ನೆಯೊಂದನ್ನು ಬರೆದು ಶ್ರೀಧರ್ ಮುಂದೆ ಮೂರು ಸಲ ಓದಿ ಅಭ್ಯಾಸ ಮಾಡಿದ್ದೆ. ಆ ಚೀಟಿಯನ್ನು ಸೀರೆಯ ಮಡಿಲಿನಲ್ಲೇ ಬಿಟ್ಟು ಎದ್ದೆ. ಮೈಕ್ ಬಂತು.

"ನಾನು ದೋಸೆಹಿಟ್ಟು ಮಾರುತ್ತಿದ್ದೆ," ಎಂದೆ. ಸಭೆ ಗಂಭೀರವಾಗಿ ಕೇಳಿಸಿಕೊಂಡಿತು. ಅದೇನೆಂದು ಯಾರಿಗೂ ಗೊತ್ತಿರಲಿಲ್ಲ. "ಹಿಟ್ಟು ಹುಳಿಯಾಗಿದೆ ಅಂತ ಯಾರಾದರೂ ಫೋನ್ ಮಾಡಿದರೆ ನಾನೇ ಅವರ ಮನೆಗೆ ಹೋಗಿ ಬೇರೆ ಡಬ್ಬಿ ಕೊಟ್ಟು, ಕ್ಷಮೆ ಕೇಳಿ ಬರುತ್ತಿದ್ದೆ. ನಿಮ್ಮಲ್ಲಿ ಯಾರಾದರೂ ಈ ತಾಯಿಯ ಮನೆಗೆ ಹೋಗಿದ್ದೀರಾ? ನಮಗೆ ಕೊಡೋ ದುಡ್ಡಲ್ಲಿ ಒಂದಿಷ್ಟು ಹಿಡಿದುಕೊಳ್ಳಿ. ಮೊದಲು ಆ ಪೈಪ್ ಹಾಕಿಸಿ."

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಡೊರೊತಿ ನನ್ನ ಕೈ ಹಿಡಿದು ಕೂರಿಸಿ, ತಮ್ಮ ಪಾಲಿನ ಬಿಸ್ಕತ್ತು ಕೊಟ್ಟು, ನನ್ನ ಫೋನ್ ನಂಬರ್ ಬರೆದುಕೊಂಡರು. ನಾನು ಬೀಗುತ್ತಾ ಶ್ರೀಧರ್ ಕಡೆ ನೋಡಿದೆ. ಅವರು ಚಾವಣಿ ನೋಡುತ್ತಿದ್ದರು. "ನೀನು ಏನು ಕೇಳಿದೆ ಅಂತ ಗೊತ್ತಾಯ್ತಾ?" ಎಂದು ರೈಲಿನಲ್ಲಿ ಮೆಲ್ಲಗೆ ಕೇಳಿದರು. "ಪೈಪು," ಎಂದೆ. "ಸರಿ," ಎಂದು ಕಣ್ಣು ಮುಚ್ಚಿಕೊಂಡರು.

ನಾಲ್ಕು ತಿಂಗಳ ಮೇಲೆ ಕಂಪನಿಯಿಂದ ಕಾಗದ ಬಂತು. ಸಭೆಯಲ್ಲಿ ಷೇರುದಾರರು ತೋರಿದ ಕಾಳಜಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಳೆಯ ಪೈಪುಗಳನ್ನು ಬದಲಾಯಿಸಲು ತೀರ್ಮಾನಿಸಿದ್ದೇವೆ, ಆ ಕಾರಣಕ್ಕೆ ಈ ಸಲದ ಲಾಭಾಂಶವನ್ನು ಅರ್ಧಕ್ಕೆ ಇಳಿಸಿದ್ದೇವೆ ಎಂದಿತ್ತು. ಅಷ್ಟು ದೊಡ್ಡ ಕಂಪನಿ ನನ್ನ ಒಂದು ಮಾತಿಗೆ ಹೆದರಿತು ಎಂದು ನಾನು ನಂಬುವುದಿಲ್ಲ. ಶ್ರೀಧರ್ ಮಾತ್ರ ನಂಬುತ್ತಾರೆ. ಕಾಗದವನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಅನಘಾ ಅಪ್ಪನ ಭುಜದ ಮೇಲಿಂದ ಬಗ್ಗಿ ನೋಡಿ, "ಫೇರ್ ಪ್ಲೇ ಟು ಯೂ, ಅಮ್ಮಾ. ಯೂ ರಾಬ್ಡ್ ಯುವರ್‌ಸೆಲ್ಫ್," ಎಂದು ಶಭಾಷ್‌ಗಿರಿ ಕೊಟ್ಟು ನನ್ನನ್ನು ಅಪ್ಪಿಕೊಂಡಳು. ಷೇರಿನ ಬೆಲೆಯೂ ಇಳಿದಿತ್ತು. ಅದೇ ವಾರ ಡೊರೊತಿ ಫೋನ್ ಮಾಡಿದರು. ಬೀದಿ ಅಗೆದು ನೀಲಿ ಬಣ್ಣದ ಹೊಸ ಪೈಪ್ ಇಳಿಸುತ್ತಿದ್ದಾರೆ, ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ದಿನವೆಲ್ಲ ಅದನ್ನೇ ನೋಡುತ್ತಿದ್ದೇನೆ ಎಂದರು. ಟಿವಿಗಿಂತ ಚೆನ್ನಾಗಿದೆಯಂತೆ. ಅವರ ದನಿ ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಅರ್ಧ ಹೋದ ದುಡ್ಡು ಅರ್ಧ ಗಂಟೆ ಮರೆತೇಹೋಗಿತ್ತು. ಆಮೇಲೆ ನೆನಪಾಯಿತು. ನಾನೂ ಮನುಷ್ಯಳೇ.

ಈಚೆಗೆ ಒಂದು ನಾಮಕರಣದ ಊಟದಲ್ಲಿ ಹೊಸದಾಗಿ ಬಂದ ಡಾಕ್ಟರ್ ದಂಪತಿ ನನ್ನ ಪಕ್ಕ ಬಂದು ಕೂತರು. ವ್ಯಾಪಾರ ಮಾರಿದವಳಿಗೆ ದುಡ್ಡಿನ ಗುಟ್ಟು ಗೊತ್ತಿರುತ್ತದೆ ಎಂದು ಯಾರೋ ಹೇಳಿದ್ದರಂತೆ. "ವಸುಧಕ್ಕಾ, ಷೇರು ತಗೋಬೇಕು ಅಂತಿದೀವಿ. ಯಾವ್ದು ತಗೊಂಡ್ರೆ ಒಳ್ಳೇದು, ನೀವೇ ಹೇಳಿ," ಎಂದರು. ನಾನು ಅನುಭವಸ್ಥೆಯ ಗತ್ತಿನಲ್ಲಿ ಪಾಯಸದ ಬಟ್ಟಲು ಕೆಳಗಿಟ್ಟು, "ಯಾವ್ದಾದ್ರೂ ತಗೊಳ್ಳಿ, ಆದ್ರೆ ಸಭೆಗೆ ಮಾತ್ರ ಹೋಗ್ಬೇಡಿ. ಹೋದ್ರೂ ಬಾಯಿ ಬಿಡ್ಬೇಡಿ," ಎಂದೆ. ಅವರು ಬಹಳ ಶ್ರದ್ಧೆಯಿಂದ ತಲೆಯಾಡಿಸಿದರು. ಎದುರಿಗೆ ಕೂತಿದ್ದ ಶ್ರೀಧರ್ ಮೊಸರನ್ನ ಕಲಸುತ್ತಾ, ತಲೆ ಎತ್ತದೆ, ಈ ವರ್ಷದ ಸಭೆಗೆ ಹಡಗಿನ ಟಿಕೆಟ್ ಬುಕ್ ಆಗಿದೆ ಎಂದೂ, ಅದೇ ಕಂಪನಿ ನೋಡಿಕೊಳ್ಳುವ ಚರಂಡಿಯ ಬಗ್ಗೆ ವಸುಧಾ ಎರಡು ಪುಟ ಬರೆದಿಟ್ಟುಕೊಂಡಿದ್ದಾಳೆ ಎಂದೂ ಅವರಿಗೆ ತಿಳಿಸಿದರು.