‘ತಾತ’ ಎಂದರೆ ತಿರುಗದ ದೊಡ್ಡಪ್ಪ

ಕೂಊಊ ಎಂದು ಉದ್ದಕ್ಕೆ ಎಳೆದು, ಕೊನೆಯಲ್ಲಿ ನೆಗಡಿಯಾದ ಎಮ್ಮೆಯ ಹಾಗೆ ಗೊರಗೊರ ಎಂದು ನಿಲ್ಲುತ್ತಿತ್ತು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೂಗು. ಅದನ್ನು ನಾನು ಭದ್ರಾವತಿಗೆ ಹೋದಾಗ ಕೇಳಿದ್ದೇನೆ, ಎಲ್ಲರೂ ಕೇಳಿದ್ದಾರೆ. ಆದರೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಅದನ್ನು ದಿನಾ ಕೇಳುತ್ತಿದ್ದ ಪುಣ್ಯಾತ್ಮರು ಒಬ್ಬರೇ, ನಮ್ಮ ದೊಡ್ಡಪ್ಪ! ನಡುವೆ ಒಂದು ಹೊಳೆ, ಮೈಲುಗಟ್ಟಲೆ ಗದ್ದೆ, ಕುರುಚಲು ಕಾಡು. ಇದ್ದರೇನಂತೆ?

“ಕೇಳಿಸ್ತಾ? ಕರೀತಾ ಇದೆ. ಇವತ್ತು ಇನ್ನೊಂದು ರೈಲು ಜನ ಇಳೀತಾರೆ ನೋಡು,” ಎನ್ನುತ್ತಿದ್ದರು.

ನಮಗೆ ಕೇಳಿಸುತ್ತಿದ್ದುದು ಎದುರು ಮನೆಯ ಕರುವಿನ ಕೂಗು.

ಅನುಮಾನಕ್ಕೆಂದೇ ಒಂದು ಯೂನಿವರ್ಸಿಟಿ ಇದ್ದಿದ್ದರೆ ನಮ್ಮ ದೊಡ್ಡಪ್ಪನನ್ನು ಬಿಟ್ಟು ಬೇರೆ ವೈಸ್ ಚಾನ್ಸಲರ್ ಸಿಗುತ್ತಿರಲಿಲ್ಲ. ಜೀವಮಾನವಿಡೀ ಸ್ಕೂಲಿನಲ್ಲಿ ಸಂಸ್ಕೃತ, ಕನ್ನಡ ಹೇಳಿಕೊಟ್ಟು ರಿಟೈರಾದ ಪಂಡಿತರು. ತುಂಬಿದ ಮನೆ, ಒಳ್ಳೆಯ ಪಿಂಚಣಿ, ಗಟ್ಟಿಯಾದ ಹಲ್ಲು. ಇಷ್ಟೆಲ್ಲ ಇದ್ದವರಿಗೆ ಯೋಚನೆಗೆ ಒಂದು ಕಾರಣ ಬೇಕಲ್ಲ? ಕಾರ್ಖಾನೆ ಶುರುವಾದ ಮೇಲೆ ತಮಿಳರು ಬಂದರು, ತೆಲುಗರು ಬಂದರು, ಟೋಪಿ ಹಾಕಿದ ಒಬ್ಬಿಬ್ಬರು ದೊರೆಗಳೂ ಬಂದರು. ಶಿವಮೊಗ್ಗದ ಬೀದಿಗೂ ಕಾಫಿ ಹೋಟೆಲು ಬಂತು. “ಊರನ್ನ ತುಂಡು ತುಂಡಾಗಿ ಒಯ್ಯೋದಿಲ್ಲ ಇವರು. ಮೊದಲು ಮಾತನ್ನ ಒಯ್ತಾರೆ. ಆಮೇಲೆ ಊರು ತಾನಾಗೇ ಹಿಂದೆ ಹೋಗತ್ತೆ,” ಎಂಬುದು ಅವರ ಥಿಯರಿ.

ಅದಕ್ಕೇ ಅವರು ಭದ್ರಾವತಿಯನ್ನು ಭದ್ರಾವತಿ ಎನ್ನುತ್ತಿರಲಿಲ್ಲ. ಹಳೆಯ ಹೆಸರು ಬೆಂಕಿಪುರ, ಅವರಿಗೆ ಕೊನೆತನಕ ಬೆಂಕಿಪುರವೇ. ಹೇಳಿಕೊಳ್ಳಲಿ ಬಿಡಿ, ಯಾರಿಗೇನು ನಷ್ಟ? ನಷ್ಟ ಇತ್ತು. ಅವರ ಒಬ್ಬಳೇ ಮಗಳು, ನನ್ನ ಅಕ್ಕ, ಮದುವೆಯಾಗಿ ಹೋದದ್ದು ಅದೇ ಊರಿಗೆ. ಭಾವ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ಅಕ್ಕನ ಮಗು ನಡೆಯಲು ಕಲಿತಿದೆ ಎಂದು ಸುದ್ದಿ ಬಂದಾಗ ದೊಡ್ಡಪ್ಪ ಶಾಲು ಹೊದ್ದು, ಕೊಡೆ ಹಿಡಿದು ಸ್ಟೇಷನ್ನಿಗೆ ಹೊರಟರು. ನಾನೂ ಹಿಂದೆಯೇ ಹೋದೆ.

“ಬೆಂಕಿಪುರಕ್ಕೆ ಒಂದು ಟಿಕೆಟು.”

ಹೊಸದಾಗಿ ಬಂದಿದ್ದ ಟಿಕೆಟ್ ಗುಮಾಸ್ತ ಕಿಂಡಿಯಿಂದ ಇಣುಕಿದ. “ಅಪ್ಪಡಿ ಊರೇ ಇಲ್ಲ ಸಾರ್.”

“ಊರು ಇದೆ. ನೀನೇ ಇರಲಿಲ್ಲ!” ಎಂದು ದೊಡ್ಡಪ್ಪ ಕೊಡೆ ಬೀಸುತ್ತಾ ಮನೆಗೆ ವಾಪಸು ಬಂದರು. ರೈಲು ಹೋಯಿತು. ಮೊಮ್ಮಗ ನಡೆಯುವುದನ್ನು ಬಿಟ್ಟು ಓಡುವುದನ್ನು ಕಲಿತ. ಅಜ್ಜನಿಗೆ ನೋಡಲು ಆಗಲಿಲ್ಲ.

ನನ್ನ ಮೇಲಾದರೂ ಅನುಮಾನ ಇರಲಿಲ್ಲವೆ? ಧಾರಾಳವಾಗಿ ಇತ್ತು! ನಾನು ಓದುತ್ತಿದ್ದುದು ಕಾನ್ವೆಂಟಿನಲ್ಲಿ. ಸಂಜೆ ಮನೆಗೆ ಬಂದ ಕೂಡಲೇ ಜಗಲಿಯಲ್ಲಿ ವಿಚಾರಣೆ.

“ಇವತ್ತು ಆ ಸಿಸ್ಟರಮ್ಮಂದಿರು ಏನು ಕಲಿಸಿದ್ರು?”

“ದಾರಿ ಬೇಕಾದ್ರೆ ‘ಎಕ್ಸ್‌ಕ್ಯೂಸ್ ಮಿ’ ಅನ್ಬೇಕಂತೆ ದೊಡ್ಡಪ್ಪ.”

“ಹಾಗಂದ್ರೆ?”

“ಕ್ಷಮಿಸಿ ಅಂತ.”

“ದಾರಿ ಕೇಳೋಕೆ ಕ್ಷಮೆ ಯಾಕೆ ಬೇಡಬೇಕು? ದಾರಿ ಯಾರದ್ದು?” ದೊಡ್ಡಪ್ಪ ದನಿ ತಗ್ಗಿಸಿ ಹೇಳಿದರು: “ಗೊತ್ತಾಯ್ತು. ದಾರಿ ಆಗಲೇ ಅವರದ್ದಾಗಿದೆ!”

ಆ ಮಾತು ಎಷ್ಟು ಸರಿ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಆಗ ಮಾತ್ರ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದೆ. ಸೆರಗಲ್ಲ, ಫ್ರಾಕು ಹಾಕುತ್ತಿದ್ದೆ. ಅದೂ ಒಂದು ಕಂಪ್ಲೇಂಟು ಬಿಡಿ.

ಹಿತ್ತಲ ಕಡೆಯ ಎರಡು ಕೋಣೆಗಳನ್ನು ಬಾಡಿಗೆಗೆ ಕೇಳಿ ಒಬ್ಬ ತಮಿಳು ಯುವಕ ಬಂದಾಗ ಆದದ್ದಂತೂ ದುರ್ಗಿಗುಡಿಯಲ್ಲಿ ಮನೆಮಾತಾಯಿತು. ಸರ್ವೆ ಆಫೀಸಿನ ಕೆಲಸ, ಹಣೆಯಲ್ಲಿ ಅಚ್ಚುಕಟ್ಟಾದ ನಾಮ, ಕಂಕುಳಲ್ಲಿ ಹಾಸಿಗೆ ಸುರುಳಿ. ದೊಡ್ಡಪ್ಪ ಅವನ ಸಂಬಳ ಕೇಳಲಿಲ್ಲ, ಗೋತ್ರ ಕೇಳಲಿಲ್ಲ. ಪರೀಕ್ಷೆ ಕೊಟ್ಟರು! ತಮಿಳರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ ಎಂದು ಅವರ ಖಚಿತ ನಂಬಿಕೆ.

“ಹಾಲು ಹಳ್ಳಕ್ಕೆ ಹರಿಯಿತು ಅಂತ ಹೇಳಪ್ಪ ನೋಡೋಣ.”

ಯುವಕ ಹಾಸಿಗೆ ಕೆಳಗಿಟ್ಟ, ಕೈಕಟ್ಟಿ ನಿಂತ. “ಹಾಲು ಹಳ್ಳಕ್ಕೆ ಹರಿಯಿತು.” ಸ್ಫಟಿಕದ ಹಾಗೆ! ಪಾಪ, ವೇದಪಾಠ ಆದವನು, ಹಕಾರಕ್ಕೆ ಅವನಲ್ಲಿ ಬರವೆ?

ಅಷ್ಟರಲ್ಲಿ ಕುಂಸಿಯ ಕಡೆಯಿಂದ ನಮ್ಮ ಮನೆಗೆ ಅಕ್ಕಿ ತರುತ್ತಿದ್ದ ಗೌಡರು ಮೂಟೆ ಇಳಿಸಲು ಬಂದರು. ಸೋಲುವ ಹೊತ್ತಿಗೆ ನಮ್ಮವರೊಬ್ಬರು ಸಿಕ್ಕರಲ್ಲ ಎಂದು ದೊಡ್ಡಪ್ಪನ ಮುಖ ಅರಳಿತು. “ಗೌಡ್ರೇ, ನೀವು ಹೇಳಿ, ಇವನಿಗೆ ಕೇಳ್ಸಿ. ಹಾಲು ಹಳ್ಳಕ್ಕೆ ಹರಿಯಿತು!”

ಗೌಡರು ಬೆವರು ಒರೆಸಿಕೊಂಡು ಸಲೀಸಾಗಿ ಅಂದರು: “ಆಲು ಅಳ್ಳಕ್ಕೆ ಅರೀತು.”

ದೊಡ್ಡಪ್ಪನ ಕಣ್ಣು ಕಿರಿದಾಯಿತು. “ಗೌಡ್ರೇ, ನಿಜ ಹೇಳಿ. ನೀವು ಬೆಂಕಿಪುರಕ್ಕೆ ಯಾವಾಗ ಹೋಗಿದ್ರಿ?”

“ನಾನ್ಯಾಕ್ ಓಗ್ಲಿ ಮಾರಾಯ್ರೇ? ಆಲು ನಂದು, ಅಳ್ಳ ನಂದು. ಅರದ್ರೆ ಲಾಸು ನಂಗೆ. ನಿಮಗ್ಯಾಕೆ ಸಂಕ್ಟ?”

ಯುವಕನಿಗೆ ಕೋಣೆ ಸಿಕ್ಕಿತು. ಆದರೆ ಅವನು ಇಷ್ಟು ಚೆನ್ನಾಗಿ ಹೇಗೆ ಹೇಳಿದ ಎಂಬುದು ಹೊಸ ಅನುಮಾನವಾಯಿತು. “ತಯಾರಾಗಿ ಬಂದಿದಾನೆ ಕಣೆ!” ಎಂದು ದೊಡ್ಡಮ್ಮನ ಕಿವಿಯಲ್ಲಿ ಪಿಸುಗುಟ್ಟಿದರು.

ಕೊನೆಗೂ ಮೊಮ್ಮಗನ ಮುಖ ಕಂಡದ್ದು ದೊಡ್ಡಮ್ಮನ ಉಪಾಯದಿಂದ. ನಾವು ಮೂವರೂ ಸ್ಟೇಷನ್ನಿಗೆ ಹೋದೆವು. ಕಿಂಡಿಯ ಮುಂದೆ ನಿಂತು ‘ಭದ್ರಾವತಿ’ ಎಂದವಳು ನಾನು. ದೊಡ್ಡಪ್ಪ ಆ ಕಡೆ ತಿರುಗಿ ತೂಕದ ಯಂತ್ರವನ್ನು ನೋಡುತ್ತಿದ್ದರು. ಹೇಗೂ ಕಾನ್ವೆಂಟಿನಲ್ಲಿ ಕೆಟ್ಟ ಬಾಯಿ, ನನ್ನದು!

ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅಕ್ಕನ ಮನೆಯ ಈಚೆ ಬದಿ ತಮಿಳರು, ಆಚೆ ಬದಿ ತೆಲುಗರು. ಒಂದೇ ಅಂಗಳ. ನಾವು ಒಳಗೆ ಕಾಲಿಡುವ ಮೊದಲೇ ಎಣ್ಣೆ ಬಸಿಯುವ ಕ್ರಾಪಿನ, ಉಡಿದಾರ ಮಾತ್ರ ಉಟ್ಟ ಒಂದು ಮೂರ್ತಿ ಓಡಿ ಬಂದು ದೊಡ್ಡಪ್ಪನ ಪಂಚೆ ಹಿಡಿಯಿತು.

“ತಾತಾ, ಇಂಗೆ ಬಾ! ಪಿಲ್ಲಿ ಇದೆ!”

“ಬೆಕ್ಕು ಇದೆಯಂತೆ, ಇಲ್ಲಿ ಬಾ ಅಂತಿದಾನೆ,” ಎಂದು ಅಕ್ಕ ನಗುತ್ತಾ ಅರ್ಥ ಹೇಳಿದಳು. ‘ಇಂಗೆ’ ಈಚೆ ಮನೆಯದು, ‘ಪಿಲ್ಲಿ’ ಆಚೆ ಮನೆಯದು. ‘ಬಾ’ ಮತ್ತು ‘ಇದೆ’ ಮಾತ್ರ ನಮ್ಮದು. ಆದರೆ ದೊಡ್ಡಪ್ಪನ ಕಿವಿ ಬೆಕ್ಕಿನ ತನಕ ಹೋಗಲೇ ಇಲ್ಲ. ಮೊದಲನೆಯ ಮಾತಿನಲ್ಲೇ ಸಿಕ್ಕಿಕೊಂಡಿತ್ತು. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಅಜ್ಜ. ಅವರ ಅಜ್ಜನೂ ಅಜ್ಜನೇ!

“ಅಜ್ಜ ಅನ್ನು ಮಗು.”

“ತಾತಾ!”

“ಅಜ್ಜ.”

“ತಾತಾ, ಪಿಲ್ಲಿ ಓಡೋಯ್ತು!”

ದೊಡ್ಡಪ್ಪ ಗೋಡೆಯ ಕಡೆ ತಿರುಗಿ ಕುಳಿತರು. ದೊಡ್ಡಮ್ಮ ಸಮಾಧಾನ ಹೇಳಲು ಹೋದದ್ದೇ ತಪ್ಪಾಯಿತು. “ಅದಕ್ಯಾಕೆ ಇಷ್ಟು? ಮೈಸೂರ ಕಡೆ ನಮ್ಮ ತವರಲ್ಲೂ ತಾತ ಅಂತಲೇ ಅನ್ನೋದು.”

“ಹಾಂ! ಅಂದ್ರೆ ಇಷ್ಟು ವರ್ಷದಿಂದ ಮನೆ ಒಳಗೇ ಇದ್ದೀಯ ನೀನು!”

ಊಟಕ್ಕೆ ಈಚೆ ಮನೆಯ ಮಾಮಿ ಬಿಸಿ ಪಾತ್ರೆ ಹಿಡಿದು ಬಂದರು. “ಕೊಂಜ ರಸಂ ಬಡಿಸ್ತೀನಿ ಮಾಮಾ.” ದೊಡ್ಡಪ್ಪ ಮೂಸಿದರು, ಬೆರಳದ್ದಿ ನೆಕ್ಕಿದರು, ಕಣ್ಣುಮುಚ್ಚಿ ಧ್ಯಾನಿಸಿದರು. “ಸಾರು! ನಮ್ಮ ಸಾರೇ! ಹೆಸರು ಬದಲಾಯಿಸಿ ನಮಗೇ ಬಡಿಸ್ತಿದಾರೆ!” ಎಂದು ಅನ್ನಕ್ಕೆ ಗುಂಡಿ ತೋಡಿ ಮತ್ತೆ ಹಾಕಿಸಿಕೊಂಡರು. ಮಾಮಿಗೆ ಅರ್ಥವಾಗಲಿಲ್ಲವೋ, ಎಲ್ಲ ಅರ್ಥವಾಯಿತೋ, ನಗುತ್ತಲೇ ಬಡಿಸಿದರು.

ತಮಾಷೆ ಅಲ್ಲಿಗೆ ಮುಗಿಯಬೇಕಿತ್ತು. ಕೈತೊಳೆದು ಬಂದು ದೊಡ್ಡಪ್ಪ ಹೇಳಿಬಿಟ್ಟರು: “ಮಗೂನ ನಾವು ಕರ್ಕೊಂಡು ಹೋಗ್ತೀವಿ. ನಾಲಿಗೆ ತಿದ್ದೋ ತನಕ ದುರ್ಗಿಗುಡಿಯಲ್ಲೇ ಇರಲಿ.”

ಅಕ್ಕ ಎಲೆ ತೆಗೆಯುತ್ತಿದ್ದವಳು ಹಾಗೇ ನಿಂತಳು. ಅವಳು ತಂದೆಗೆ ಎದುರು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಅಪ್ಪಯ್ಯ, ಇವನಿಗೆ ದಡಾರ ಬಂದಾಗ ಇವರಿಗೆ ಆಫೀಸು ಬಿಟ್ಟು ಬರೋಕಾಗ್ಲಿಲ್ಲ. ನೀವು ಟಿಕೆಟ್ ಕಿಂಡೀಲಿ ಜಗಳ ಆಡಿ ವಾಪಸ್ ಹೋದವರು ಈ ಕಡೆ ಬರಲೇ ಇಲ್ಲ. ಇವನನ್ನ ತೊಡೆ ಮೇಲೆ ಹಾಕ್ಕೊಂಡು ಕೂತಿದ್ದು ಆ ಮಾಮಿ. ಮಾತು ಅಲ್ಲೇ ಕಲ್ತ. ತಾತ ಅಂದ್ರೆ ನೀವು ತಿರುಗೋಲ್ಲ ಅಂದ್ರೆ ಬೇಡ ಬಿಡಿ, ಅವನು ಕರೆಯೋದನ್ನೇ ಬಿಡ್ತಾನೆ. ಮಕ್ಕಳಿಗೆ ಅದೇನು ಕಷ್ಟ ಅಲ್ಲ.”

ಸಂಜೆಯ ರೈಲಿನಲ್ಲಿ ದೊಡ್ಡಪ್ಪ ಎದುರು ಸೀಟಿನವರು ಯಾವ ಭಾಷೆಯವರೆಂದು ಕೂಡ ವಿಚಾರಿಸಲಿಲ್ಲ!

ಆಮೇಲಿನ ತಿಂಗಳುಗಳು ನಮಗೆ ಬಹಳ ಕಷ್ಟದವು. ಬಯ್ಯದ ದೊಡ್ಡಪ್ಪನನ್ನು ಹೇಗೆ ಸಹಿಸುವುದು? ಕಾರ್ಖಾನೆಯ ಕೂಗೂ ಅವರಿಗೆ ಕೇಳಿಸುತ್ತಿರಲಿಲ್ಲ. ಅಕ್ಕ ಬರಲಿಲ್ಲ. ಬೀದಿಯಲ್ಲಿ ಯಾರ ಮಕ್ಕಳು ಯಾರನ್ನು ‘ಅಜ್ಜಾ’ ಎಂದು ಕೂಗಿದರೂ ಇವರು ತಲೆಯೆತ್ತಿ, ಮತ್ತೆ ತಗ್ಗಿಸುತ್ತಿದ್ದರು.

ಮಧ್ಯಾಹ್ನ ಜಗಲಿಯಲ್ಲಿ ಪುರಾಣ ಓದಿ ಅರ್ಥ ಹೇಳುವುದು ಅವರ ರೂಢಿ. ಕೇರಿಯ ಹೆಂಗಸರು ಹೂಬತ್ತಿ ಹೊಸೆಯುತ್ತಾ ಕೇಳುವರು. ಒಂದು ದಿನ, ಯಾವನೋ ಋಷಿ ಕಾಡಿಗೆ ಬಂದ ರಾಜಕುಮಾರನನ್ನು ಹತ್ತಿರ ಕರೆಯುವ ಕಡೆ, ದೊಡ್ಡಪ್ಪ ಗಕ್ಕನೆ ನಿಂತರು. ಅದೇ ಸಾಲನ್ನು ಮತ್ತೆ ಓದಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು.

“ತಾತ!” ಎಂದು ಕೂಗಿದರು. ಒಬ್ಬ ಮುದುಕಿ ಬೆಚ್ಚಿ ಬತ್ತಿಯ ತಟ್ಟೆ ಚೆಲ್ಲಿದಳು. “ತಾತ ಅಂದ್ರೆ ಸಂಸ್ಕೃತ ಕಣೇ! ನಮ್ಮದೇ ಮಾತು! ಅಪ್ಪನನ್ನೂ ಕರೀಬಹುದು, ಮಗುವನ್ನೂ ಕರೀಬಹುದು. ಪ್ರೀತಿ ಇದ್ದ ಕಡೆ ಎಲ್ಲಾ ತಾತ!” ಪುರಾಣ ಅರ್ಧಕ್ಕೇ ಬಿಟ್ಟು ಶಾಲು ಹುಡುಕತೊಡಗಿದರು.

“ಎಲ್ಲಿಗೆ ಹೊರಟ್ರಿ?” ಎಂದರು ದೊಡ್ಡಮ್ಮ.

ದೊಡ್ಡಪ್ಪ ಬಾಯಿ ತೆರೆದರು, ಮುಚ್ಚಿದರು. ಬೆಂಕಿಪುರ ಎನ್ನಲಿಲ್ಲ, ಭದ್ರಾವತಿ ಎನ್ನಲಿಲ್ಲ. “ಮೊಮ್ಮಗನ ಊರಿಗೆ,” ಎಂದರು.

ಈಗ ಅನುಮಾನಪಡುವ ಸರದಿ ನನ್ನದು. ಮಕ್ಕಳಿಗೆ ಸಂಸ್ಕೃತ ಹೇಳಿಕೊಟ್ಟೇ ತಲೆ ನೆರೆತ ಪಂಡಿತರಿಗೆ, ಆ ಪುರಾಣವನ್ನು ವರ್ಷವರ್ಷವೂ ಓದಿದವರಿಗೆ, ಆ ಮಾತು ಅಂದೇ ಮೊದಲು ಕಣ್ಣಿಗೆ ಬಿತ್ತೇ? ನಾನ್ಸೆನ್ಸ್! ಅದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಸೋಲದೆ ಸೋಲುವುದಕ್ಕೆ ಒಂದು ಬಾಗಿಲು ಬೇಕಿತ್ತು, ಅಷ್ಟೆ. ಕೇಳಿದ್ದರೆ ಒಪ್ಪುತ್ತಿದ್ದರೆ? ಕೊಡೆ ಬೀಸುತ್ತಿದ್ದರು.

ಅಲ್ಲಿಂದ ಮುಂದೆ ಅವರು ತಿಂಗಳುಗಟ್ಟಲೆ ಕ್ವಾರ್ಟರ್ಸಿನಲ್ಲೇ ಇರುತ್ತಿದ್ದರು. ಅಂಗಳದ ಮಕ್ಕಳಿಗೆಲ್ಲ ಮರಳಿನ ಮೇಲೆ ಅಆಇಈ ತಿದ್ದಿಸುವುದು, ಮಾಮಿಯ ಮಾತಿನಲ್ಲಿ ಅರ್ಧ ಕನ್ನಡ ಇದೆ ಎಂದು ಸಾಧಿಸುವುದು. ಅನುಮಾನ ಹೋಯಿತೆ? ಎಲ್ಲಿಯ ಮಾತು! ರಸಂ ಬಗ್ಗೆ ಕೊನೆತನಕ ಇತ್ತು.

ನನಗೆ ಮದುವೆಯಾಗಿ, ಗಂಡನೊಡನೆ ಊರು ಬಿಟ್ಟು ಹೊರಟ ದಿನ ನಮ್ಮ ರೈಲು ಭದ್ರಾವತಿಯಲ್ಲಿ ನಿಂತಿತು. ಪ್ಲಾಟ್‌ಫಾರಮ್ಮಿನಲ್ಲಿ ದೊಡ್ಡಪ್ಪ, ಜೊತೆಗೆ ಚಡ್ಡಿ ತೊಡುವಷ್ಟು ದೊಡ್ಡವನಾಗಿದ್ದ ಹುಡುಗ. ದೊಡ್ಡಪ್ಪ ಬಹಳ ಸಣ್ಣಗಾಗಿದ್ದರು. ಕಿಟಕಿಯೊಳಗೆ ಕೈ ಹಾಕಿ ನನ್ನ ತಲೆ ಮುಟ್ಟಿದರು, ನನ್ನ ಗಂಡನ ಇಂಗ್ಲಿಷ್ ಬೂಟನ್ನು ಒಮ್ಮೆ ಅನುಮಾನದಿಂದ ನೋಡಿದರು. ರೈಲು ಹೊರಟಿತು. ಹುಡುಗ ಟಾಟಾ ಮಾಡುತ್ತಾ ಪಕ್ಕದಲ್ಲೇ ಓಡತೊಡಗಿದ. ಅವನನ್ನು ಹಿಡಿಯಲು ದೊಡ್ಡಪ್ಪನೂ ಪಂಚೆ ಎತ್ತಿಕೊಂಡು ಓಡಿದರು.

“ತಾತಾ, ಬೀಳ್ತೀಯ! ನಿಲ್ಲೋ!”

“ತಾತಾ, ನೀನ್ ಓಡಬೇಡ!”

ನಾನು ಕಿಟಕಿಯಿಂದ ಹಿಂತಿರುಗಿ ನೋಡುತ್ತಲೇ ಇದ್ದೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಏದುಸಿರು ಬಿಡುತ್ತಾ ನಿಂತಿದ್ದರು. ದೊಡ್ಡಪ್ಪನನ್ನು ನಾನು ನೋಡಿದ್ದು ಅದೇ ಕೊನೆ.