ಇನ್ನೊಂದ್ಸಲ ಸಾಹೇಬರ ಗುಣಗಾನ

ಗುಮಾಸ್ತನ ಪಾಡಿಗೆಲ್ಲ ಕಾರಣ ಅವನ ಬಾಯಲ್ಲಿದ್ದ ಮೂವತ್ತೆರಡು ಗಟ್ಟಿ ಹಲ್ಲುಗಳು. ಒಂದಾದರೂ ಹುಳುಕಾಗಿದ್ದರೆ ಆ ದಿನ ಸುಳ್ಳು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಅವನು ಗಾಜಿನ ಸಾಮಾನಿನ ಗೋದಾಮಿನಲ್ಲಿ ಪ್ಯಾಕಿಂಗ್ ಗುಮಾಸ್ತ. ಲೋಟಗಳನ್ನು ಎಣಿಸಿ ಪೆಟ್ಟಿಗೆಗೆ ತುಂಬಿ, ಸಂದಿಗೆ ಕಾಗದದ ಚೂರು ತುರುಕಿ, ಟೇಪು ಹಚ್ಚುವುದು ಕೆಲಸ. ಹಚ್ಚಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಮ್ಯಾನೇಜರ ಕೆಮ್ಮು ಕೇಳುತ್ತಿತ್ತು. "ಎಣಿಕೆ ಸರಿ ಇದೆಯಾ? ಬಿಚ್ಚಿ ಇನ್ನೊಂದ್ಸಲ ನೋಡು." ಎಣಿಕೆ ಸರಿಯಾಗಿಯೇ ಇರುತ್ತಿತ್ತು. ಬಿಚ್ಚುವಾಗ ಒಂದು ಲೋಟ ಒಡೆಯುತ್ತಿತ್ತು, ಆಗ ತಪ್ಪುತ್ತಿತ್ತು. "ನೋಡಿದ್ಯಾ, ನಾನು ಹೇಳ್ಲಿಲ್ವಾ?" ಎನ್ನುತ್ತಿದ್ದರು ಅವರು. ಬೆನ್ನ ಹಿಂದೆ ಇಡೀ ಗೋದಾಮು ಅವರನ್ನು ಇನ್ನೊಂದ್ಸಲ ಸಾಹೇಬರೆಂದೇ ಕರೆಯುತ್ತಿತ್ತು.

ಹನ್ನೊಂದು ವರ್ಷಗಳಲ್ಲಿ ಆ ರೋಗ ಗುಮಾಸ್ತನಿಗೂ ಅಂಟಿತ್ತು. ಮಲಗಿದವನು ಎದ್ದು ಬಾಗಿಲ ಚಿಲಕ ನೋಡುತ್ತಿದ್ದ; ಮಲಗಿ ಮತ್ತೆ ಎದ್ದು ನೋಡುತ್ತಿದ್ದ. "ಇನ್ನೊಂದು ವರ್ಷ ಅವರ ಕೈಕೆಳಗಿದ್ರೆ, ನಾನು ನಿಮ್ಮ ಹೆಂಡ್ತಿ ಹೌದೋ ಅಲ್ವೋ ಅಂತಾನೂ ಇನ್ನೊಂದ್ಸಲ ನೋಡ್ತೀರಾ" ಎಂದಿದ್ದಳು ಹೆಂಡತಿ. ತುಟಿಯಲ್ಲಿ ನಗುವಿತ್ತು, ಕಣ್ಣಲ್ಲಿರಲಿಲ್ಲ. ಅದಕ್ಕೇ ಅವನು ಊರಾಚೆಯ ಪಿಂಗಾಣಿ ಕಂಪನಿಗೆ ಅರ್ಜಿ ಹಾಕಿದ್ದ. ಆ ದಿನ ಹನ್ನೆರಡು ಗಂಟೆಗೆ ಸಂದರ್ಶನ. ಹಲ್ಲುನೋವೆಂದು ಸಾಹೇಬರಿಗೆ ಬೆಳಿಗ್ಗೆಯೇ ಫೋನು ಮಾಡಿ ರಜೆ ಪಡೆದ.

ಮಹಡಿಮನೆಯ ವಿಮೆ ಏಜೆಂಟು, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಇಬ್ಬರೂ ಸಂದರ್ಶನಕ್ಕೆ ತಯಾರು ಮಾಡಿಸಲು ಕರೆಯದೆಯೇ ಬಂದು ಕುರ್ಚಿ ಹಿಡಿದರು.

"ಕೆಲಸದಲ್ಲಿ ನೀವು ಎದುರಿಸಿದ ದೊಡ್ಡ ಕಷ್ಟ ಯಾವುದು, ಅದನ್ನ ಹೇಗೆ ಗೆದ್ರಿ? ಈ ಪ್ರಶ್ನೆ ಬಂದೇ ಬರುತ್ತೆ. ಹೇಳಿ ನೋಡೋಣ" ಎಂದ ಏಜೆಂಟು.

"ನಮ್ಮ ಸಾಹೇಬ್ರು. ಇನ್ನೂ ಗೆದ್ದಿಲ್ಲ."

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಹಳೇ ಸಾಹೇಬ್ರನ್ನ ಬೈಬಾರದು ಕಣಯ್ಯ. ಇವನು ನಾಳೆ ನಮ್ಮನ್ನೂ ಬೈತಾನೆ ಅಂದ್ಕೋತಾರೆ. ಬೈಗುಳನೆಲ್ಲ ಹೊಗಳಿಕೆ ಮಾಡು."

"ಕಾಟ ಕೊಟ್ರು ಅನ್ಬೇಡಿ, ತಿದ್ದಿದ್ರು ಅನ್ನಿ" ಎಂದ ಏಜೆಂಟು. "ಅನುಮಾನದ ಪ್ರಾಣಿ ಅನ್ಬೇಡಿ, ಎಚ್ಚರದ ಮನುಷ್ಯ ಅನ್ನಿ."

ಗುಮಾಸ್ತ ಬಾಯಿಪಾಠ ಮಾಡಿದ. ಬಾಯೆಲ್ಲ ಕಹಿಯಾಯಿತು, ಆದರೂ ಮಾಡಿದ.

ಹತ್ತು ಗಂಟೆಗೆ ಬಸ್ ನಿಲ್ದಾಣಕ್ಕೆ ಬಂದಾಗ ಅವನಿಗೆ ಭಯವೇನೂ ಇರಲಿಲ್ಲ. ಸಾಹೇಬರು ಎಂಟಕ್ಕೇ ಗೋದಾಮು ಸೇರುವವರು. ಆದರೆ ಅಂದು ಅವರು ಮನೆಯ ಬೀಗವನ್ನು ಇನ್ನೊಂದ್ಸಲ ನೋಡಲೆಂದು ಅರ್ಧ ದಾರಿಯಿಂದ ಹಿಂದಿರುಗಿದ್ದರು. ಈಗ ಎದುರಿಗೇ ನಿಂತಿದ್ದರು. ಗುಮಾಸ್ತನ ಕೈ ತಾನಾಗಿಯೇ ಎಡಗೆನ್ನೆಗೆ ಹೋಯಿತು.

"ಪಾಪ, ಮುಖ ಎಷ್ಟು ಬಾಡಿದೆ ನೋಡು. ನೋವಲ್ಲಿ ಒಬ್ನೇ ಹೋಗ್ತಾರೇನಯ್ಯ? ನಡಿ, ನಾನೂ ಬರ್ತೀನಿ."

ಬೇಡವೆಂದರೂ ಬಿಡಲಿಲ್ಲ. ಹಲ್ಲಿನ ಡಾಕ್ಟರು ಬಾಯೆಲ್ಲ ತಟ್ಟಿ ನೋಡಿ, "ಎಲ್ಲ ಗಟ್ಟಿಯಾಗೇ ಇವೆ" ಎಂದರು. ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು.

"ಇನ್ನೊಂದ್ಸಲ ನೋಡಿ ಡಾಕ್ಟ್ರೇ" ಎಂದರು ಸಾಹೇಬರು.

ಎರಡನೇ ಸಲ ಡಾಕ್ಟರು ಹುಬ್ಬು ಗಂಟಿಕ್ಕಿದರು. ಮೂರನೇ ಸಲ ಅವರಿಗೂ ಅನುಮಾನ ಬಂತು. ಗುಮಾಸ್ತ ಬಾಯಿ ತೆರೆದೇ ಕೂತಿದ್ದ, ಆದರೆ ಡಾಕ್ಟರ ಬೆರಳುಗಳ ನಡುವೆ ನಿಜ ಹೇಳಲು ಜಾಗವಿರಲಿಲ್ಲ. ಹನ್ನೊಂದೂವರೆಗೆ ಹೊರಬಂದಾಗ ಅವನ ಬಳಿ ಮೂವತ್ತೊಂದು ಹಲ್ಲುಗಳಿದ್ದವು. ಸಾಹೇಬರು ಅವನನ್ನು ಮನೆ ಕಡೆಯ ಬಸ್ಸು ಹತ್ತಿಸಿ ಕೈಬೀಸಿದರು. ಅವನು ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರು ದಿಕ್ಕಿನ ಬಸ್ಸು ಹಿಡಿದು, ಎದ್ದೆನೋ ಬಿದ್ದೆನೋ ಎಂದು ಪಿಂಗಾಣಿ ಕಂಪನಿ ಸೇರಿದ.

ಮೇಜಿನ ಆಚೆ ಮೂವರಿದ್ದರು. ಮಧ್ಯದಲ್ಲಿದ್ದ ಹಿರಿಯ ಹೆಂಗಸು ಕಂಪನಿಯ ಒಡತಿ. ಅವರು ಕೇಳಿದ್ದು ಅದೇ ಪ್ರಶ್ನೆ.

"ನಮ್ಮ ಸಾಹೇಬ್ರು..." ಎಂದು ಶುರು ಮಾಡಿದ. ಸರಿಯಾಗಿ ಆಗಲೇ ಮರಗಟ್ಟಿದ್ದ ದವಡೆಗೆ ಎಚ್ಚರವಾಗಿ, ನೋವು ನೆತ್ತಿಗೇರಿತು. ಕಣ್ಣಲ್ಲಿ ನೀರು ದಳದಳನೆ ಇಳಿಯಿತು. "ನನ್ನನ್ನ ತಿದ್ದಿದ್ರು ಅಮ್ಮ. ಒಂದೊಂದು ಪೆಟ್ಟಿಗೇನೂ ಬಿಚ್ಚಿಸಿ ನೋಡೋರು. ಎಚ್ಚರದ ಮನುಷ್ಯ..." ಕರವಸ್ತ್ರವನ್ನು ಬಾಯಿಗೊತ್ತಿಕೊಂಡ.

ಒಡತಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮೇಲಿನವರನ್ನ ನೆನೆದು ಅಳೋರನ್ನ ನಾನು ಇವತ್ತೇ ನೋಡಿದ್ದು. ಅವರ ಫೋನ್ ನಂಬರ್ ಕೊಡ್ತೀರಾ?"

ಕೊಟ್ಟರೆ ಹಲ್ಲುನೋವಿನ ಬಣ್ಣ ಬಯಲಾಗುತ್ತದೆ. ಕೊಡದಿದ್ದರೆ ಇಷ್ಟು ಅತ್ತದ್ದೂ ನೀರುಪಾಲು. ಗುಮಾಸ್ತ ನಂಬರು ಬರೆದುಕೊಟ್ಟ.

ಸಂಜೆ ಐದಕ್ಕೆ ಫೋನಿಗೆ ಸಂದೇಶ ಬಂತು: ಆಯ್ಕೆಯಾಗಿದ್ದೀರಿ, ಒಂದನೇ ತಾರೀಖಿನಿಂದ ಬನ್ನಿ. ಹೆಂಡತಿ ನಕ್ಕಳು. ಈ ಸಲ ಕಣ್ಣೂ ನಕ್ಕಿತು. ಹೇಳಿಕೊಟ್ಟದ್ದು ನಾನು ತಾನು ಎಂದು ಏಜೆಂಟೂ ಮೇಷ್ಟ್ರೂ ಜಗಳಕ್ಕೇ ನಿಂತರು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಬಂದವರು ಸಾಹೇಬರು.

ಕುರ್ಚಿಯಲ್ಲಿ ಕೂತು, ಕುರ್ಚಿ ಅಲ್ಲಾಡುತ್ತದೆಯೇ ಎಂದು ನೋಡಿ, ಮತ್ತೆ ಕೂತರು. "ನೀನು ಎಲ್ಲಿಗೆ ಹೋಗಿದ್ದೆ ಅಂತ ಗೊತ್ತಾಯ್ತು."

ಗುಮಾಸ್ತನ ಕೈ ಮತ್ತೆ ಎಡಗೆನ್ನೆಗೆ ಹೋಯಿತು.

"ಆ ಅಮ್ಮ ಎಲ್ಲ ಹೇಳಿದ್ರು. ನೀನು ಅತ್ತಿದ್ದೂ ಹೇಳಿದ್ರು. ಕೆಲಸಕ್ಕೆ ಸೇರಿ ಮೂವತ್ತು ವರ್ಷ ಆಯ್ತು ಕಣಯ್ಯ. ನನಗೇನು ಹೆಸರಿಟ್ಟಿದ್ದಾರೆ ಅಂತ ಗೊತ್ತಿಲ್ಲದೆ ಇಲ್ಲ. ಬೆನ್ನ ಹಿಂದೆ ಒಬ್ರು ಒಳ್ಳೇ ಮಾತಾಡಿದ್ದು ಇದೇ ಮೊದಲು."

ಗುಮಾಸ್ತನಿಗೆ ನಿಜಕ್ಕೂ ಸಂಕಟವಾಯಿತು. ಇಷ್ಟು ವರ್ಷ ಈ ಮನುಷ್ಯನ ಕೆಮ್ಮು ಕೇಳಿದ್ದನೇ ಹೊರತು ಮಾತು ಕೇಳಿರಲಿಲ್ಲ. ಹೇಗೂ ಬಿಟ್ಟು ಹೋಗುವವನು, ಚೆನ್ನಾಗಿಯೇ ಬೀಳ್ಕೊಡೋಣ ಎಂದುಕೊಂಡ. "ನಿಮ್ಮನ್ನ ಮರೆಯಲ್ಲ ಸರ್" ಎಂದ. ಆ ದಿನ ಸಾಹೇಬರೆದುರು ಅವನಾಡಿದ ಒಂದೇ ಒಂದು ನಿಜ ಅದು.

"ಮರೆಯೋ ಮಾತೇನು ಬಂತು? ಅವರ ಗೋದಾಮಿಗೂ ಮ್ಯಾನೇಜರ್ ಬೇಕಾಗಿತ್ತಂತೆ. ನಿನ್ನ ಮಾತು ಕೇಳಿ ನನ್ನನ್ನೇ ಕರೆದ್ರು, ಒಪ್ಕೊಂಡೆ. ಒಂದನೇ ತಾರೀಖು ಇಬ್ರೂ ಒಟ್ಟಿಗೇ ಹೋಗೋಣ. ನಿನ್ನ ಮೇಜು ನನ್ನ ಪಕ್ಕದಲ್ಲೇ ಹಾಕ್ಸಿ ಅಂದಿದೀನಿ."

ಏಜೆಂಟೂ ಮೇಷ್ಟ್ರೂ ಸದ್ದಿಲ್ಲದೆ ಜಾಗ ಖಾಲಿ ಮಾಡಿದರು. ಹೆಂಡತಿ ಒಳಗೆ ಹೋದವಳು ಹೊರಗೆ ಬರಲಿಲ್ಲ. ಸಾಹೇಬರು ಗುಮಾಸ್ತನ ಬೆನ್ನು ತಟ್ಟಿ, ಬಲಗಡೆಯ ಹಲ್ಲನ್ನೂ ಒಮ್ಮೆ ತೋರಿಸಿಕೊಂಡು ಬರೋಣವೆಂದು ಹೇಳಿ ಹೊರಟರು. ಅವನು ಬಾಗಿಲು ಹಾಕಿ ಚಿಲಕ ಜಡಿದ.

"ಚಿಲಕ ಸರಿಯಾಗಿ ಬಿತ್ತೇನಯ್ಯ?" ಬಾಗಿಲಾಚೆಯಿಂದ ಅಕ್ಕರೆಯ ದನಿ ಬಂತು.

ಗುಮಾಸ್ತ ಚಿಲಕ ತೆಗೆದು ಇನ್ನೊಂದ್ಸಲ ಹಾಕಿದ.